ಸಣ್ಣ ಫೋಟೋದಲ್ಲಿ ಇದ್ದವರು

ಆ ಸಂಸ್ಥೆ ಮಾಡುವ ಕೆಲಸ ಏನೆಂದು ಮೆಟ್ಟಿಲು ಹತ್ತುವವರೆಗೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬೇರೆಯವರು ಮಾಡಿ ಕೈಬಿಟ್ಟ ವೆಬ್‌ಸೈಟುಗಳನ್ನು ರಿಪೇರಿ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದೆ. "ಫೋಟೋ ಅದಲುಬದಲಾಗುತ್ತಿವೆಯಂತೆ, ಅಲ್ಲೇ ಕೂತು ನೋಡಿ ಮುಗಿಸಿ ಬಾ" ಎಂದು ಮ್ಯಾನೇಜರ್ ಕಳಿಸಿದ್ದರು. ಮದುವೆ ಹಾಲ್ ಇರಬೇಕು, ಇಲ್ಲವೇ ಸೀರೆ ಅಂಗಡಿ ಇರಬೇಕು ಅಂದುಕೊಂಡಿದ್ದೆ.

ಪುಣೆಯ ಶಿವಾಜಿನಗರ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ. ಸಂಸ್ಥೆಯ ಕಾರ್ಯದರ್ಶಿ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಮರಾಠಿ ಗೃಹಸ್ಥರು. ಖುರ್ಚಿ ಎಳೆದು ಕೊಟ್ಟು, "ಊಟ ಆಗಿದೆಯಾ ಮ್ಯಾಡಮ್? ಆಗಿಲ್ಲದಿದ್ದರೆ ಮೊದಲು ಮುಗಿಸಿಕೊಂಡು ಬನ್ನಿ. ನೋಡಿದ ಮೇಲೆ ಸೇರುವುದಿಲ್ಲ" ಎಂದರು ಮರಾಠಿಯಲ್ಲಿ. ಊಟ ಆಗಿದೆ ಎಂದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಸಾಲುಸಾಲಾಗಿ ಚಿಕ್ಕ ಚಿಕ್ಕ ಮುಖಗಳು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡವು. ಬಹಳ ಜನರ ಕಣ್ಣು ಮುಚ್ಚಿದ್ದವು, ಕೆಲವರದ್ದು ಅರ್ಧ ತೆರೆದಿತ್ತು. ಪುಣೆಯ ಆಸುಪಾಸಿನ ಹಳಿಗಳ ಮೇಲೆ, ಪ್ಲಾಟ್‌ಫಾರ್ಮುಗಳ ಮೇಲೆ, ಬೋಗಿಗಳ ಒಳಗೆ ಸತ್ತು ಸಿಕ್ಕವರು. ಹೆಸರಿಲ್ಲ, ಊರಿಲ್ಲ. ರೈಲ್ವೆ ಪೊಲೀಸರು ತಿಳಿಸಿದಾಗ ಸಂಸ್ಥೆಯ ಸ್ವಯಂಸೇವಕರೊಬ್ಬರು ಡಿಜಿಟಲ್ ಕ್ಯಾಮೆರಾ ಹಿಡಿದು ಹೋಗಿ ಫೋಟೋ ತೆಗೆಯುತ್ತಿದ್ದರು. ಹತ್ತಿರದ ಸೈಬರ್ ಕೆಫೆಯಿಂದ ಅದನ್ನು ವೆಬ್‌ಸೈಟಿಗೆ ಅಪ್‌ಲೋಡ್ ಮಾಡುತ್ತಿದ್ದರು. ಮನೆಯವರು ಹುಡುಕಿಕೊಂಡು ಬಂದರೆ ಈ ಸಣ್ಣ ಫೋಟೋಗಳ ಪುಟ ತೋರಿಸುವುದು. ಯಾವುದಾದರೂ ಮುಖ ಹೌದೆನಿಸಿದರೆ ಅದನ್ನು ಒತ್ತಿದಾಗ ದೊಡ್ಡ ಫೋಟೋ ತೆರೆದುಕೊಳ್ಳುತ್ತಿತ್ತು, ಕೆಳಗೆ ಎಲ್ಲಿ ಸಿಕ್ಕರು, ಯಾವ ಠಾಣೆ ಎಂಬ ವಿವರ ಇರುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು ಅಷ್ಟೇ. ಇಂಥ ಕೆಲಸಕ್ಕೆ ವೆಬ್‌ಸೈಟ್ ಬಳಸುವುದು ಆಗ ಹೊಸದು.

"ಹದಿನೈದು ದಿನದ ಹಿಂದೆ ನಿಮ್ಮ ಕಡೆಯ ಹೆಂಗಸೊಬ್ಬಳು ಬಂದಿದ್ದಳು" ಎಂದರು ಕಾರ್ಯದರ್ಶಿ. ನನ್ನ ಅಡ್ಡಹೆಸರು ಕೇಳಿದ ಕೂಡಲೇ ಧಾರವಾಡದ ಕಡೆಯವಳೆಂದು ಅವರಿಗೆ ಗೊತ್ತಾಗಿತ್ತು. "ಯೆರವಡಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಗಂಡ ಊರಿಗೆ ಹೋಗುತ್ತೇನೆಂದು ಸೋಲಾಪುರದ ಗಾಡಿ ಹತ್ತಿದವನು ಮುಟ್ಟಿಲ್ಲ. ಈ ಪುಟ ನೋಡಿ, ಇವನೇ ಅಂತ ಬೆರಳಿಟ್ಟಳು. ಒತ್ತಿದೆವು. ದೊಡ್ಡ ಫೋಟೋದಲ್ಲಿ ಬೇರೆ ಯಾರೋ. ಅವಳಿಗಾದ ಖುಷಿ ನೀವು ನೋಡಬೇಕಿತ್ತು. ಇಲ್ಲಿದ್ದವರಿಗೆಲ್ಲ ಕೈಮುಗಿದು ಹೋದಳು. ಆಮೇಲೆ ಮತ್ತೆ ಎರಡು ಸಲ ಬಂದಿದ್ದಾಳೆ. ಸಣ್ಣದರಲ್ಲಿ ಇರುವವನು ತನ್ನ ಗಂಡನೇ ಅಂತಾಳೆ. ನಮ್ಮ ಹುಡುಗರು, ದುಃಖಕ್ಕೆ ತಲೆ ಕೆಟ್ಟಿದೆ ಅಂತಾರೆ. ನನಗೆ ಹಾಗನಿಸಲಿಲ್ಲ. ಅದಕ್ಕೇ ನಿಮ್ಮನ್ನು ಕರೆಸಿದ್ದು."

ಮೊದಲು ಕೋಡ್ ತೆರೆದೆ. ಬರೆದವರು ಯಾರೋ ಅವಸರದಲ್ಲಿ ಬರೆದಿದ್ದರು, ಆದರೆ ದಡ್ಡರಲ್ಲ. ಆಗಿನ ಅಗ್ಗದ ಸರ್ವರುಗಳಲ್ಲಿ ಒಂದು ಪ್ರೋಗ್ರಾಮಿಗೆ ಸಿಗುತ್ತಿದ್ದ ಮೆಮೊರಿ ಬಹಳ ಕಡಿಮೆ. ಕ್ಯಾಮೆರಾದ ಒಂದೆರಡು ಫೋಟೋ ಬಿಚ್ಚಿ ಸಣ್ಣದು ಮಾಡುವಷ್ಟರಲ್ಲೇ ಅದು ಮುಗಿದುಹೋಗಿ ಪುಟ ಬಿಳಿಯಾಗಿ ನಿಲ್ಲುತ್ತಿತ್ತು. ಪ್ರತಿ ಸಲ ಪುಟ ತೆರೆದಾಗಲೂ ಹತ್ತಾರು ಫೋಟೋ ಸಣ್ಣದು ಮಾಡುವುದಂತೂ ಸಾಧ್ಯವೇ ಇರಲಿಲ್ಲ. ಹಾಗಾಗಿ ಆತ ಒಂದು ಉಪಾಯ ಮಾಡಿದ್ದ. ಯಾರಾದರೂ ಮೊದಲ ಸಲ ಪುಟ ತೆರೆದಾಗ ಸಣ್ಣ ಫೋಟೋ ಒಮ್ಮೆ ತಯಾರಿಸಿ, ಅದೇ ಹೆಸರಿನಲ್ಲಿ ಬೇರೊಂದು ಫೋಲ್ಡರಿನಲ್ಲಿ ಇಟ್ಟುಬಿಡುವುದು. ಮುಂದಿನ ಸಲ ಆ ಹೆಸರಿನ ಸಣ್ಣ ಫೋಟೋ ಇದ್ದರೆ ಅದನ್ನೇ ತೋರಿಸುವುದು, ಹೊಸದು ಮಾಡಲು ಹೋಗುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು.

ತಪ್ಪು ಇದ್ದದ್ದು ಅದಕ್ಕಿಂತ ನಾಲ್ಕು ಸಾಲು ಮೇಲೆ. ಅಪ್‌ಲೋಡ್ ಆದ ಫೈಲನ್ನು ಕ್ಯಾಮೆರಾ ಕೊಟ್ಟ ಹೆಸರಿನಲ್ಲೇ ಉಳಿಸುತ್ತಿದ್ದರು.

ಕ್ಯಾಮೆರಾ ಕೊಡುವುದು ಹೆಸರಲ್ಲ, ಸಂಖ್ಯೆ. ಒಂದು, ಎರಡು, ಮೂರು. ಸ್ವಯಂಸೇವಕರಿಗೆ ಫೋನ್ ಮಾಡಿ ಕೇಳಿದೆ. ಕಾರ್ಡು ತುಂಬಿದಾಗ ಏನು ಮಾಡುತ್ತೀರಿ? "ಎಲ್ಲಾ ಅಪ್‌ಲೋಡ್ ಆಗಿದೆ ಅಂತ ನೋಡಿಕೊಂಡು ಕಾರ್ಡು ಪೂರ್ತಿ ಖಾಲಿ ಮಾಡುತ್ತೇನೆ" ಎಂದರು ಅವರು. ಅವರು ಮಾಡಿದ್ದೂ ಸರಿಯೇ. ಆದರೆ ಕಾರ್ಡು ಖಾಲಿಯಾದ ಮೇಲೆ ಆ ಕ್ಯಾಮೆರಾ ಮತ್ತೆ ಒಂದರಿಂದ ಎಣಿಸುತ್ತಿತ್ತು. ಹೊಸ ಹನ್ನೆರಡನೇ ಫೋಟೋ ಸರ್ವರಿಗೆ ಹೋದಾಗ ಹಳೆಯ ಹನ್ನೆರಡನೆಯದರ ಮೇಲೆ ಕೂರುತ್ತಿತ್ತು. ಹಳೆಯದು ಅಳಿಸಿಹೋಗುತ್ತಿತ್ತು. ಯಾರಿಗೂ ಏನೂ ಹೇಳದೆ, ಒಂದು ಎಚ್ಚರಿಕೆಯೂ ಇಲ್ಲದೆ.

ಸಣ್ಣ ಫೋಟೋ ಮಾತ್ರ ಹಳೆಯದೇ ಉಳಿಯುತ್ತಿತ್ತು, ಯಾಕೆಂದರೆ ಆ ಹೆಸರಿನದು ಆಗಲೇ ಇತ್ತು. ಅಂದರೆ ಹೊಸದಾಗಿ ಸಿಕ್ಕ ಮನುಷ್ಯನ ವಿವರದ ಪಕ್ಕದಲ್ಲಿ ಹಳಬನ ಮುಖ. ಒತ್ತಿದರೆ ಹೊಸಬನ ಮುಖ. ಪುಟಗಳು ತಿಂಗಳಿಗೊಂದರಂತೆ ಇದ್ದುದರಿಂದ ಒಂದೇ ಮುಖ ಎರಡು ಕಡೆ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸತ್ತವರ ಮುಖಗಳನ್ನು ಯಾರು ತಿರುತಿರುಗಿ ಹೋಲಿಸಿ ನೋಡುತ್ತಾರೆ?

ಕಾರಣ ಹೇಳಿದಾಗ ಕಾರ್ಯದರ್ಶಿ ನಿಟ್ಟುಸಿರು ಬಿಟ್ಟರು. "ರಿಪೇರಿ ಆಗುತ್ತದಲ್ಲ?"

ಆಗುತ್ತದೆ ಎಂದೆ. ಪ್ರತಿ ಫೋಟೋಗೂ ಬೇರೆ ಬೇರೆ ಹೆಸರು ಕೊಡಬೇಕು. ಸಣ್ಣ ಫೋಟೋಗಳ ಫೋಲ್ಡರ್ ಅಳಿಸಿ ಎಲ್ಲವನ್ನೂ ಹೊಸದಾಗಿ ತಯಾರಿಸಿದರೆ ಸಣ್ಣದೂ ದೊಡ್ಡದೂ ಹೊಂದಿಕೆಯಾಗುತ್ತವೆ. ಇಂಥ ಸಮಸ್ಯೆಗೆ ಯಾರಾದರೂ ಹೇಳುವ ಮಾತೇ ಅದು. "ಹಾಗಾದರೆ ಇವತ್ತೇ ಅಳಿಸಿಬಿಡಿ. ಮುಂದಿನ ವಾರ ಪೊಲೀಸ್ ಅಧಿಕಾರಿಗಳು ನೋಡಲು ಬರುತ್ತಾರೆ" ಎಂದರು.

ಅಷ್ಟರಲ್ಲಿ ಆ ಹೆಣ್ಣುಮಗಳು ಬಂದಳು.

ನನಗಿಂತ ಚಿಕ್ಕವಳು. ಸಿಮೆಂಟಿನಿಂದ ಒಡೆದ ಕೈ. ಜೊತೆಗೆ ಅವಳ ಮೈದುನ, ಅವನೂ ಯೆರವಡಾದಲ್ಲಿ ಏಳುತ್ತಿದ್ದ ಐಟಿ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸದವನು. ಅವನು ಒಡಕು ಹಿಂದಿಯಲ್ಲಿ ಕಾರ್ಯದರ್ಶಿಗಳಿಗೆ ಏನೋ ಹೇಳಲು ಹೊರಟ. ನಾನು, "ಕನ್ನಡದಾಗ ಹೇಳ್ರಿ, ನನಗ ತಿಳೀತದ" ಎಂದೆ. ಅವಳು ಸರಕ್ಕನೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವರ ಕೇಳ್ರಿ. ಸಣ್ಣ ಫೋಟೋದಾಗ ನಮ್ಮವ್ರು ಅದಾರ. ಒತ್ತಿದ್ರ ಬ್ಯಾರೇದವ್ರು ಬರ್ತಾರ. ನಾ ಅವತ್ತ ದೊಡ್ಡದು ನೋಡಿ, ಅಲ್ಲ ಅಂತ ಖುಷಿಲೆ ಹೋದೆ. ಮನೀಗೆ ಹೋದ ಮ್ಯಾಲೆ ಕಣ್ಣಾಗ ಸಣ್ಣದಽ ಬರಾಕತ್ತದ. ಇವ್ರೆಲ್ಲ ನನಗ ಹುಚ್ಚು ಹಿಡದದ ಅಂತಾರ."

"ಹಂಗ ಯಾರೂ ಅಂದಿಲ್ಲ ವೈನಿ" ಎಂದ ಮೈದುನ. ಅಂದಿದ್ದ ಅನ್ನುವುದು ಅವನ ಮುಖದಲ್ಲೇ ಇತ್ತು.

ಪುಟ ತೆರೆದೆ. ಅವಳು ಹುಡುಕಲಿಲ್ಲ, ನೇರ ಬೆರಳಿಟ್ಟಳು. ಕಿವಿಯ ಮೇಲೆ ಕೂದಲು ಬಂದಿದ್ದ, ಸುಮಾರು ಮೂವತ್ತರ ಗಂಡಸು. ಗಲ್ಲ ಒಂದು ಕಡೆ ವಾಲಿತ್ತು.

ಮೈದುನ ಬಗ್ಗಿ ನೋಡಿ, "ಇದರಾಗ ಏನ್ ಕಾಣತೈತ್ರಿ? ದೊಡ್ಡದು ಮಾಡ್ರಿ" ಎಂದ.

ಮಾಡಿದೆ. ನೂರು ಚುಕ್ಕೆಯಷ್ಟು ಅಗಲದ ಚಿತ್ರವನ್ನು ಎಷ್ಟು ಎಳೆದರೇನು, ಇಲ್ಲದ್ದು ಎಲ್ಲಿಂದ ಬರಬೇಕು? ಮೂಗು ಹೋಗಿ ನಾಲ್ಕು ಕಂದು ಚೌಕ ಆಯಿತು. ಕಣ್ಣು ಎರಡು ಬೂದು ಚೌಕ.

"ಬ್ಯಾಡ್ರಿ ಅಕ್ಕಾರ" ಎಂದಳು ಅವಳು. "ಮೊದಲಿನಂಗಽ ಮಾಡ್ರಿ. ಸಣ್ಣದಿದ್ದಾಗ ಅವ್ರು ಅದಾರ. ದೊಡ್ಡದು ಮಾಡಿದ್ರ ಹೋಗ್ತಾರ."

ಮೊದಲಿನಂತೆ ಮಾಡಿದೆ. ಅವಳು ಪರದೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಆಗ ನನಗೆ ಹೊಳೆದದ್ದನ್ನು ಅವಳ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಈ ಮನುಷ್ಯನ ದೊಡ್ಡ ಫೋಟೋ ಅಳಿಸಿಹೋಗಿತ್ತು. ದೇಹ ಮಣ್ಣಾಗಿ ಎಷ್ಟು ವಾರವಾಗಿತ್ತೋ. ಅವನ ಮುಖ ಅಂತ ಭೂಮಿಯ ಮೇಲೆ ಉಳಿದಿದ್ದರೆ ಅದು ಈ ಸಣ್ಣ ಫೋಟೋ ಒಂದೇ. ಸ್ವಲ್ಪ ಹೊತ್ತಿನ ಹಿಂದೆ ನಾವಿಬ್ಬರೂ ಒಪ್ಪಿಕೊಂಡು ಅಳಿಸಲು ಹೊರಟಿದ್ದದ್ದೂ ಅದೇ ಫೋಲ್ಡರ್.

"ನಾಳೆ ಬರ್ರಿ ತಂಗಿ. ಇದು ಯಾರ ವಿವರಕ್ಕೆ ಸೇರಿದ್ದು ಅಂತ ಹುಡುಕಿ ಇಡ್ತೀನಿ" ಎಂದೆ. "ನೀ ನೋಡಿದ್ದು ತಪ್ಪಲ್ಲ" ಎಂದೂ ಹೇಳಿದೆ. ಅದನ್ನು ಕೇಳಿ ಅವಳಿಗೆ ಸಮಾಧಾನವಾಯಿತೋ, ಉಳಿದಿದ್ದ ಆಸೆಯೂ ಹೋಯಿತೋ ತಿಳಿಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಇಳಿದು ಹೋದಳು.

ಅವರು ಹೋದ ಮೇಲೆ ಸರ್ವರಿನ ಕಂಪನಿಗೆ ಫೋನ್ ಮಾಡಿದೆ. ಬ್ಯಾಕಪ್ ಒಂದು ವಾರದ್ದು ಮಾತ್ರ ಇರುತ್ತದೆ, ಅದಕ್ಕಿಂತ ಹಿಂದಿನದು ಇಲ್ಲ ಎಂದರು. ಸೈಬರ್ ಕೆಫೆಯ ಕಂಪ್ಯೂಟರುಗಳಲ್ಲಿ ಏನೂ ಉಳಿದಿರಲಿಲ್ಲ. ಪೊಲೀಸರ ಬಳಿಯೂ ಫೋಟೋ ಇರಲಿಲ್ಲ. ಊರಿನ ಸ್ಟುಡಿಯೋದವರು ಇಂಥ ಫೋಟೋ ತೆಗೆಯಲು ಬರುವುದಿಲ್ಲವೆಂದೇ ಸಂಸ್ಥೆ ಕ್ಯಾಮೆರಾ ಕೊಂಡದ್ದು. ಕಾರ್ಯದರ್ಶಿಗಳ ಮುಂದೆ ಕೂತು, "ಸಣ್ಣ ಫೋಟೋಗಳನ್ನು ಅಳಿಸುವುದಿಲ್ಲ" ಎಂದೆ.

"ಅಲ್ಲ ಮ್ಯಾಡಮ್, ಈಗ ತಾನೇ ಅಳಿಸಬೇಕು ಅಂದಿರಿ."

"ಅಳಿಸಿದರೆ ಪುಟ ಸರಿಹೋಗುತ್ತದೆ ಸರ್. ಆ ಜನ ಪೂರ್ತಿ ಹೋಗುತ್ತಾರೆ."

ಕೆಟ್ಟ ಮನುಷ್ಯರಲ್ಲ ಅವರು. ಗಾರ್ಡ್ ಆಗಿದ್ದಾಗ ಗಾಡಿ ನಿಂತಲ್ಲಿ ಇಳಿದು ಹಳಿಯ ಮೇಲಿನದನ್ನು ನೋಡಿ ಬರುವುದು ಅವರ ಪಾಲಿಗೆ ಎಷ್ಟೋ ಸಲ ಬಂದಿತ್ತಂತೆ. ಯಾರೆಂದೇ ತಿಳಿಯದೆ ಮುಂದೆ ಹೋಗಬೇಕಾಗುತ್ತಿದ್ದುದೇ ಕೊರೆಯುತ್ತಿತ್ತು ಎಂದು ಈ ಸಂಸ್ಥೆ ಕಟ್ಟಿದವರು. ಆದರೆ ಅವರಿಗೆ ಬೇರೆ ಹೆದರಿಕೆ ಇತ್ತು.

"ಅಳಿಸಬೇಡಿ, ಇಟ್ಟುಕೊಳ್ಳಿ. ಆದರೆ ಯಾರಿಗೂ ಹೇಳುವುದು ಬೇಡ" ಎಂದರು. "ಫೋಟೋ ಕಳೆದುಕೊಂಡೆವು ಅಂತ ಗೊತ್ತಾದರೆ ಪೊಲೀಸರು ನಾಳೆಯಿಂದ ನಮ್ಮನ್ನು ಶವಾಗಾರದೊಳಗೆ ಬಿಡುವುದಿಲ್ಲ. ಆಮೇಲೆ ಬರುವವರ ಗತಿ ಏನು? ಆ ಹೆಂಗಸಿನ ಕೆಲಸ ಮಾಡಿಕೊಡೋಣ, ಅಲ್ಲಿಗೆ ಮುಗಿಸೋಣ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ನಾನು ಹೇಳಿದೆ: "ಇವಳು ತಿರುಗಿ ಬಂದಳು ಸರ್. ದೊಡ್ಡ ಫೋಟೋ ನೋಡಿ, ನಮ್ಮವರಲ್ಲ ಅಂತ ಸಂತೋಷವಾಗಿ ಹೋದವರು ಇನ್ನೂ ಇರಬಹುದು. ಅವರು ತಿರುಗಿ ಬರುವುದಿಲ್ಲ. ಅವರು ಇನ್ನೂ ಕಾಯುತ್ತಿರುತ್ತಾರೆ."

ಯಾವ ಯಾವ ವಿವರಗಳ ಫೋಟೋ ಅನುಮಾನದ್ದೋ ಅವುಗಳ ಮೇಲೆ ಹಾಗೆಂದು ಬರೆಯಬೇಕು, ಇಲ್ಲದಿದ್ದರೆ ನಾನು ಈ ಕೆಲಸ ಮುಂದುವರಿಸುವುದಿಲ್ಲ, ನಮ್ಮ ಆಫೀಸಿಗೆ ಫೋನ್ ಮಾಡಿ ಬೇರೆಯವರನ್ನು ಕರೆಸಿಕೊಳ್ಳಿ ಎಂದೆ. ಗ್ರಾಹಕರ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಎದ್ದು ಕಿಟಕಿಯ ಹತ್ತಿರ ನಿಂತರು. ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ, "ಕೂತುಕೊಳ್ಳಿ" ಎಂದರು. "ಎಷ್ಟು ಜನರದ್ದು ಹೀಗಾಗಿದೆ ಅಂತ ಮೊದಲು ಹೇಳಿ."

ಹುಡುಕುವುದು ಕಷ್ಟವಿರಲಿಲ್ಲ. ಒಂದೇ ಫೈಲ್ ಹೆಸರು ಎರಡು ಕಡೆ ಇರುವ ವಿವರಗಳನ್ನು ಡೇಟಾಬೇಸಿನಿಂದ ತೆಗೆದೆ. ಸಣ್ಣ ಫೋಟೋ ತಯಾರಾದ ದಿನ, ದೊಡ್ಡ ಫೋಟೋ ಬಂದ ದಿನ, ಎರಡನ್ನೂ ಪಕ್ಕಪಕ್ಕ ಇಟ್ಟೆ. ಸಣ್ಣದು ಮೊದಲಿನದಾಗಿದ್ದರೆ ಅದು ಹಳಬನ ಮುಖ, ದೊಡ್ಡದು ಹೊಸಬನದು. ಜೋಡಿ ಜೋಡಿಯಾಗಿ ಸಿಗುತ್ತ ಹೋದವು. ಎರಡೂ ಫೋಲ್ಡರನ್ನು ಮೊದಲು ಸಿಡಿಗಳಿಗೆ ನಕಲು ಮಾಡಿಕೊಂಡು, ಒಂದೊಂದೇ ಹಳೆಯ ಮುಖವನ್ನು ಅದರ ಸರಿಯಾದ ವಿವರದ ಪಕ್ಕಕ್ಕೆ ತಂದಿಟ್ಟೆ. ಈ ಕೆಲಸವನ್ನು ಪ್ರೋಗ್ರಾಮಿಗೆ ಬಿಡಲಿಲ್ಲ. ವಿವರದಲ್ಲಿ "ಗಡ್ಡ ಇದೆ" ಎಂದಿದ್ದರೆ ಮುಖದಲ್ಲಿ ಗಡ್ಡ ಇದೆಯೇ, "ವೃದ್ಧೆ" ಎಂದಿದ್ದರೆ ಹೆಂಗಸೇ ಎಂದು ಕಣ್ಣಿಟ್ಟು ನೋಡಿಯೇ ಮಾಡಿದೆ. ರಾತ್ರಿ ತರಿಸಿದ ಊಟ ಸೇರಲಿಲ್ಲ. ಕಾರ್ಯದರ್ಶಿ ನಿಂಬೆ ಶರಬತ್ತು ತರಿಸಿಟ್ಟರು.

ಕೆಲವು ಕಡೆ ಒಂದೇ ಹೆಸರು ಮೂರು ಸಲ ಬಂದಿತ್ತು. ಅಲ್ಲಿ ಸಣ್ಣದು ಮೊದಲನೆಯವರದ್ದು, ದೊಡ್ಡದು ಕೊನೆಯವರದ್ದು. ನಡುವಿನವರ ಮುಖ ಎಲ್ಲೂ ಇರಲಿಲ್ಲ. ಎತ್ತರ ಇಷ್ಟು, ಮೈಬಣ್ಣ ಗೋಧಿ, ನೀಲಿ ಅಂಗಿ. ಅಷ್ಟೇ ಉಳಿದಿತ್ತು. ಅಂಥ ಮೊದಲನೆಯ ವಿವರ ಸಿಕ್ಕಾಗ ಲೆಕ್ಕ ತಪ್ಪಿರಬೇಕೆಂದು ಮತ್ತೆ ಮತ್ತೆ ನೋಡಿದೆ. ತಪ್ಪಿರಲಿಲ್ಲ. ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಳ್ಳಲಿಲ್ಲ. ಆಮೇಲೆ ಮರಾಠಿಯಲ್ಲಿ ಪ್ರಕಟಣೆಯನ್ನು ತಾವೇ ಬರೆದುಕೊಟ್ಟರು. "ಈ ವ್ಯಕ್ತಿಯ ಫೋಟೋ ನಮ್ಮ ತಪ್ಪಿನಿಂದ ಕಳೆದಿದೆ. ಈ ಮೊದಲು ನೋಡಿ ಹೋದವರು ದಯವಿಟ್ಟು ಮತ್ತೊಮ್ಮೆ ಬನ್ನಿ." 'ತಾಂತ್ರಿಕ ಕಾರಣದಿಂದ' ಎಂದು ಬರೆಯಬಹುದಿತ್ತು. ಅವರು ಬರೆಯಲಿಲ್ಲ.

ಆ ಹೆಣ್ಣುಮಗಳು ಬೆರಳಿಟ್ಟ ಮುಖ ಸೋಲಾಪುರದ ದಾರಿಯಲ್ಲಿ ಬರುವ ದೌಂಡದ ಹತ್ತಿರ ಹಳಿಯ ಪಕ್ಕ ಸಿಕ್ಕವನದಾಗಿತ್ತು. ಗಂಡ ಗಾಡಿ ಹತ್ತಿದ ದಿನಕ್ಕೂ ಹೊಂದುತ್ತಿತ್ತು. ಮಾರನೇ ದಿನ ಬಂದಾಗ ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನೂ ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡಬೇಕೋ ತಿಳಿಯದೆ, ಒಂದರ ಮೇಲೆ ಒಂದು ಫೋಟೋ ಕೂತ ಕಥೆ ಹೇಳತೊಡಗಿದೆ. ಅವಳು ನಡುವೆಯೇ ಕೇಳಿದಳು, "ಅಂದ್ರ ಸಣ್ಣದಽ ಖರೇ, ಹೌದಿಲ್ರಿ?"

"ಹೌದವ್ವ" ಎಂದೆ.

ಅವಳು ಅಳಲಿಲ್ಲ. ಅತ್ತವನು ಮೈದುನ. ಗೋಡೆಗೆ ಹಣೆ ಹಚ್ಚಿ ಹೋ ಎಂದು ಅತ್ತ. ಅವನ ಬೆನ್ನ ಮೇಲೆ ಕೈಯಾಡಿಸುತ್ತ ಅವಳು, "ಮತ್ತ, ಅಲ್ಲಿಗೆ ಹ್ಯಾಂಗ ಹೋಗೂದ್ರಿ?" ಎಂದು ನನ್ನನ್ನು ಕೇಳಿದಳು.

ಮರಾಠಿ ಮಾತಾಡಿಕೊಡಲು ಯಾರಾದರೂ ಬೇಕಿತ್ತು. ಶನಿವಾರ ರಜೆ ಹಾಕಿ ನಾನೇ ಹೋದೆ. ಪ್ಯಾಸೆಂಜರ್ ಗಾಡಿಯಲ್ಲಿ ಅವಳು ಕಿಟಕಿ ಬಿಟ್ಟು ಒಳಗೆ ಕೂತಳು. ದಾರಿಯಲ್ಲಿ ಹಳಿಯ ಕಡೆ ಒಂದು ಸಲವೂ ನೋಡಲಿಲ್ಲ. ದೌಂಡದ ರೈಲ್ವೆ ಠಾಣೆಯ ಹವಾಲ್ದಾರರು ವಯಸ್ಸಾದವರು. ವಿಷಯ ಕೇಳಿ ಗದರಿಸದೆ ಒಳಗೆ ಹೋಗಿ ಬಿಳಿ ಬಟ್ಟೆಯ ಗಂಟೊಂದು ತಂದರು. ಹೆಸರಿಲ್ಲದವರ ಬಟ್ಟೆಗಳನ್ನು ಹಾಗೆ ಕಟ್ಟಿಡುತ್ತಾರೆ. ಅಂಗಿ, ಪ್ಯಾಂಟು, ಒಂದು ಉಡದಾರ. ಉಡದಾರಕ್ಕೆ ಚಿಕ್ಕ ಕೀಲಿಕೈ ಕಟ್ಟಿತ್ತು.

ಅಂಗಿಯನ್ನು ಅವಳು ಮುಟ್ಟಲಿಲ್ಲ. ಕೀಲಿಕೈ ಎತ್ತಿಕೊಂಡಳು. "ಟ್ರಂಕಿಂದು" ಎಂದಳು. "ಅವ್ರು ಹೋದಾಗಿಂದ ತೆರದಿಲ್ರಿ. ಬೀಗ ಒಡ್ಯೋಣು ಅಂತ ಇಂವ ಅಂದ. ಬಂದು ತಗೀತಾರ, ಒಡೀಬ್ಯಾಡ ಅಂದಿದ್ದೆ."

ಹವಾಲ್ದಾರರು ಬರೆದುಕೊಂಡರು. ಅವಳು ಹೆಬ್ಬೆಟ್ಟು ಒತ್ತಿದಳು. ಇಷ್ಟು ದಿನ ಬರಲಿಲ್ಲ ಯಾಕೆ ಎಂದು ಅವರು ಮರಾಠಿಯಲ್ಲಿ ಕೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಬಂದಿದ್ದಳು, ನಾವೇ ಕಳಿಸಿಬಿಟ್ಟಿದ್ದೆವು ಎಂದು ಅವರಿಗೆ ಹೇಳಿದೆ.

ಹೂಳಿದ ಜಾಗ ಊರ ಹೊರಗೆ, ಕಬ್ಬಿನ ಗದ್ದೆಗಳ ಅಂಚಿಗೆ. ಅಲ್ಲಿ ಕಾವಲಿದ್ದವನು ಒಂದು ಸಾಲು ತೋರಿಸಿದ. ಎಂಟೋ ಹತ್ತೋ ಮಣ್ಣಿನ ದಿಬ್ಬ, ಕೆಲವಕ್ಕೆ ತಗಡಿನ ತುಂಡಿನ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ. ಕೆಲವು ತಗಡು ಬಿದ್ದು ಮಣ್ಣಲ್ಲಿ ಹೂತಿದ್ದವು. ಹವಾಲ್ದಾರರ ಚೀಟಿ ನೋಡಿ, ಎಣಿಸಿ, ಅವನು ಒಂದರ ಮುಂದೆ ನಿಂತ. "ಇದೇ."

ಮೈದುನ ಚಪ್ಪಲಿ ಬಿಟ್ಟು ಕೈಮುಗಿದ. ಅವಳು ಮಾತ್ರ ನನ್ನ ಕಡೆ ತಿರುಗಿದಳು.

"ಅಕ್ಕಾರ, ಇದು ಖರೇನಽ ಅವ್ರದಽ ಏನ್ರಿ? ಇಲ್ಲೂ ಒಬ್ಬರ ಮ್ಯಾಲೆ ಒಬ್ಬರದು ಆಗಿಲ್ಲಲ್ಲ?"

ಕಾವಲಿನವನನ್ನು ಕೇಳಿದೆ. ಅವನು ಬಿದ್ದ ತಗಡುಗಳ ಕಡೆ ನೋಡಿ, "ಇಲ್ಲೇ ಎಲ್ಲೋ, ಈ ಸಾಲಿನಲ್ಲೇ" ಎಂದ. ಈ ಸಲ ಪಕ್ಕಪಕ್ಕ ಇಟ್ಟು ನೋಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹೌದು ಎಂದುಬಿಡಬಹುದಿತ್ತು. ಕಂಪ್ಯೂಟರ್ ಹೇಳಿದ ಸುಳ್ಳನ್ನು ಹದಿನೈದು ದಿನ ಹೊತ್ತು ತಿರುಗಿದವಳಿಗೆ ನಾನು ಇನ್ನೊಂದು ಹೇಳಲಾರದೆ ಹೋದೆ.

"ಈ ಸಾಲಿನ್ಯಾಗ ಅದಾರ ತಂಗಿ" ಎಂದೆ. "ಯಾವುದು ಅಂತ ನನಗ ಗೊತ್ತಿಲ್ಲ."

ಅವಳು ಗಾಡಿಯಲ್ಲಿ ಕುಡಿಯಲು ತಂದಿದ್ದ ನೀರಿನ ಬಾಟಲಿ ಬಿಚ್ಚಿ, ಸಾಲಿನ ಈ ತುದಿಯ ದಿಬ್ಬಕ್ಕೆ ಬಂದು ಬಗ್ಗಿದಳು. ಒಂದೊಂದಕ್ಕೂ ಅಂಗೈಯಷ್ಟು ನೀರು ಹಾಕುತ್ತ ಹೋದಳು. ಅರ್ಧ ಸಾಲಿಗೇ ಬಾಟಲಿ ಮುಗಿಯಿತು. ಮೈದುನ ಓಡಿಹೋಗಿ ಗದ್ದೆಯ ಕಾಲುವೆಯಿಂದ ತುಂಬಿಸಿಕೊಂಡು ಬಂದ. ಅವಳು ಬಿಟ್ಟಲ್ಲಿಂದ ಮತ್ತೆ ಶುರು ಮಾಡಿ, ಆ ತುದಿಯವರೆಗೆ ಹಾಕಿ ಮುಗಿಸಿದಳು.